ಕನ್ನಡದಲ್ಲಿ ಬರೆದ ವೋಟು

ಚನ್ನಬಸವ್ವ ಸಿಡ್ನಿಯ ಪ್ಯಾರಮಟ್ಟಾಕ್ಕೆ ಬಂದದ್ದು ಮಗಳು ಹರ್ಷಿತಾಳ ಹೊಸ ಅಪಾರ್ಟ್‌ಮೆಂಟ್ ನೋಡಲಿಕ್ಕೆ ಎಂದು ಎಲ್ಲರೂ ನಂಬಿದ್ದರು. ನೋಡಿ ಮುಗಿಸಲಿಕ್ಕೆ ಹತ್ತು ನಿಮಿಷ ಸಾಕಾಗುವ ಮನೆ ಅದು. ಎಂಟನೇ ಮಹಡಿ, ಎರಡು ಕೋಣೆ, ಒಂದು ಬಾಲ್ಕನಿ, ಆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದೆಂದು ಕಟ್ಟಡದವರ ಕಟ್ಟಪ್ಪಣೆ ಬೇರೆ. ಅಷ್ಟು ನೋಡಲಿಕ್ಕೆ ಬಂದ ಹೆಂಗಸು ಒಂಬತ್ತು ದಿನವಾದರೂ ಮೆಲ್ಬರ್ನ್‌ಗೆ ವಾಪಸ್ ಹೋಗುವ ಮಾತೇ ಎತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಮಗನ ಮುಖ ನೋಡುವ ಧೈರ್ಯ ಇರಲಿಲ್ಲ.

ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದಳು. ಕೆಳಗೆ ರಸ್ತೆಯಲ್ಲಿ ಲೈಟ್ ರೈಲು ಗಂಟೆ ಬಾರಿಸಿದರೂ ಮೆಲ್ಬರ್ನ್ ಫೋನೇ ಬಂತೆಂದು ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ಹೆಸರುಬೇಳೆ ನೆನೆಹಾಕಿದ್ದು ಮರೆತು ಮತ್ತೊಂದು ಪಾತ್ರೆಯಲ್ಲಿ ಮತ್ತಷ್ಟು ನೆನೆಹಾಕಿದಳು. ಸಂಜೆ ಹರ್ಷಿತಾ ಎರಡೂ ಪಾತ್ರೆ ನೋಡಿ, ಮದುವೆ ಊಟಕ್ಕೆ ಯಾರನ್ನು ಕರೆದಿದ್ದೀ ಎಂದು ಕೇಳಿದ್ದಳು.

ಮೆಲ್ಬರ್ನ್‌ನಲ್ಲಿ ನಡೆದದ್ದು ಇಷ್ಟು. ಊರಂಚಿನ ಕ್ರಾನ್‌ಬರ್ನ್ ದಾಟಿದ ಮೇಲೆ ಟೂರಾಬಿನ್ ಎಂಬ ಕ್ಷೇತ್ರ. ಹೊಸ ಮನೆಗಳು, ಹೊಸ ಮಾರ್ಟ್‌ಗೇಜುಗಳು, ಅರ್ಧಕ್ಕೆ ನಿಂತ ರಸ್ತೆಗಳು. ಅಲ್ಲಿ ರಾಜ್ಯದ ವಿಧಾನಸಭೆಗೆ ಉಪಚುನಾವಣೆ ಬಂತು. ಚನ್ನಬಸವ್ವನ ಮಗ ಗುರುಬಸವ ಪಕ್ಷೇತರನಾಗಿ ನಿಂತ. ಇಪ್ಪತ್ತೆರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಮೆಲ್ಬರ್ನ್‌ನ ಕ್ಲೇಟನ್‌ಗೆ ಓದಲು ಬಂದು, ಒಂದು ಬಾಡಿಗೆ ಮನೆಯಲ್ಲಿ ಏಳು ಹುಡುಗರ ಜೊತೆ ಮಲಗಿ ಎದ್ದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು, ಸಿಟಿಜನ್ ಆಗಿ, ಈಗ ಸ್ವಂತ ಔಷಧದಂಗಡಿ ನಡೆಸುವವನು. ಕಣದಲ್ಲಿದ್ದವರು ನಾಲ್ವರು. ಅದರಲ್ಲಿ ಗೆಲ್ಲುವ ಮುಖ ಎರಡೇ: ಒಂದು ಗುರುಬಸವನದು, ಇನ್ನೊಂದು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಮಾರ್ಗರೆಟ್‌ಳದು.

ಈ ದೇಶದಲ್ಲಿ ವೋಟೆಂದರೆ ಮುದ್ರೆ ಒತ್ತಿ ಬರುವುದಲ್ಲ. ಚೀಟಿಯಲ್ಲಿರುವ ಎಲ್ಲ ಹೆಸರುಗಳ ಮುಂದೆ ಒಂದು, ಎರಡು, ಮೂರು, ನಾಲ್ಕು ಎಂದು ನಮ್ಮ ಇಷ್ಟದ ಸಾಲು ಬರೆಯಬೇಕು. ಹಿಂದೆ ಬಿದ್ದವರ ಚೀಟಿಗಳನ್ನು ಮುಂದಿನ ಅಂಕಿ ನೋಡಿ ಹಂಚುತ್ತ ಹೋಗಿ, ಕೊನೆಗೆ ಇಬ್ಬರನ್ನು ಉಳಿಸಿ ಎಣಿಸುತ್ತಾರೆ. ಹೋದ ವರ್ಷವಷ್ಟೇ ಸಿಟಿಜನ್ ಆಗಿದ್ದ ಚನ್ನಬಸವ್ವನಿಗೆ ಇದು ಇಲ್ಲಿಯ ಮೊದಲ ವೋಟು. ಮೊಮ್ಮಗಳು ತೇಜಸ್ವಿನಿ ಒಂದು ವಾರ ಹಾಳೆಯ ಮೇಲೆ ಚೌಕ ಬರೆದು ಬರೆದು ಅಜ್ಜಿಗೆ ಅಭ್ಯಾಸ ಮಾಡಿಸಿದ್ದಳು. "ಇಂಗ್ಲಿಷ್ ನಂಬರ್ಸ್, ಅಜ್ಜಿ. ನಾಟ್ ಯುವರ್ ಕನ್ನಡ ಒನ್ಸ್, ಓಕೆ?" ಎಂದು ದಿನಾ ಎಚ್ಚರಿಸಿದ್ದಳು. ಮೂವತ್ತಮೂರು ವರ್ಷ ಕನ್ನಡ ಶಾಲೆಯಲ್ಲಿ ಮಗ್ಗಿ ಬರೆಸಿದ ಟೀಚರಿಗೆ ಹನ್ನೊಂದು ವರ್ಷದ ಪೋರಿಯಿಂದ ಅಂಕಿಯ ಪಾಠ.

ಶನಿವಾರ ಶಾಲೆಯ ಸಭಾಂಗಣದಲ್ಲಿ ರಟ್ಟಿನ ಮರೆಯ ಹಿಂದೆ ನಿಂತು, ಪೆನ್ಸಿಲ್ ಹಿಡಿದು, ಚನ್ನಬಸವ್ವ ಒಂದನ್ನು ಮಾರ್ಗರೆಟ್ ಹೆಸರಿನ ಮುಂದೆ ಬರೆದಳು. ಎರಡನ್ನು ಮಗನ ಹೆಸರಿನ ಮುಂದೆ ಬರೆದಳು. ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದಾಗ ಗುರುಬಸವ ಗೇಟಿನ ಬಳಿ ಕೈಮುಗಿದುಕೊಂಡು ನಿಂತಿದ್ದ. ತಾಯಿಯನ್ನು ಕಂಡು, "ಆತೇನವ್ವಾ?" ಅಂದ. "ಆತಪ್ಪಾ," ಅಂದಳು. ಆ ಒಂದು ಮಾತು ಅವತ್ತಿನಿಂದ ಆಕೆಯ ಗಂಟಲಲ್ಲೇ ಕೂತಿತ್ತು.

ಮಗನ ಮೇಲೆ ಸಿಟ್ಟೇ? ಅಲ್ಲ. ಅವನಿಗೆ ಜ್ವರ ಬಂದರೆ ಇವಳಿಗೆ ಊಟ ಸೇರುವುದಿಲ್ಲ. ವಿಷಯ ಬಸ್ಸಿನದು. ಮನೆಯ ಹಿಂದಿನ ರಸ್ತೆಗೆ ತಾಸಿಗೊಮ್ಮೆ ಒಂದು ಬಸ್ಸು ಬರುತ್ತದೆ. ಮನೆಯವರೆಲ್ಲ ಕಾರು ತೆಗೆದುಕೊಂಡು ಹೋದ ಮೇಲೆ ಚನ್ನಬಸವ್ವ ಆ ಬಸ್ಸು ಹತ್ತಿ ಕ್ರಾನ್‌ಬರ್ನ್‌ಗೆ ಹೋಗುತ್ತಿದ್ದಳು. ಲೈಬ್ರರಿಯಲ್ಲಿ ಸ್ವೆಟರ್ ಹೆಣೆಯುವ ಮುದುಕಿಯರ ಜೊತೆ ಕೂತು, ಅವರ ಇಂಗ್ಲಿಷ್ ಅರ್ಧ ತಿಳಿದು ಅರ್ಧ ನಕ್ಕು, ಮೆಂತೆ ಸೊಪ್ಪು ಕೊಂಡು, ತೇಜಸ್ವಿನಿ ಬರುವುದರೊಳಗೆ ಮನೆ ಸೇರುತ್ತಿದ್ದಳು. ಕಾರು ಓಡಿಸಲು ಬಾರದ ಹೆಂಗಸಿಗೆ ಆ ಊರಿನಲ್ಲಿ ತನ್ನ ಕಾಲ ಮೇಲೆ ತಾನು ಹೋಗಿ ಬರಲಿಕ್ಕೆ ಇದ್ದ ದಾರಿ ಅದೊಂದೇ. ಗುರುಬಸವ ಭಾಷಣದಲ್ಲಿ, ಖಾಲಿ ಓಡುವ ಬಸ್ಸುಗಳನ್ನು ನಿಲ್ಲಿಸಿ ರಸ್ತೆ ಅಗಲ ಮಾಡಿಸುತ್ತೇನೆ ಎಂದ. ಮಾರ್ಗರೆಟ್ ಬಸ್ಸು ಉಳಿಸುತ್ತೇನೆ ಎಂದಳು. ರಾತ್ರಿ ಊಟಕ್ಕೆ ಕೂತಾಗ ಚನ್ನಬಸವ್ವ ಮೆಲ್ಲಗೆ, "ಬಸ್ಸು ಯಾಕ ತಗಸ್ತೀಪಾ?" ಎಂದು ಕೇಳಿದ್ದಳು. ಅವನು ಫೋನು ನೋಡುತ್ತಲೇ, "ಅವ್ವಾ, ಆ ಬಸ್ಸಿನ್ಯಾಗ ಯಾರ್ ಹೋಗ್ತಾರ?" ಅಂದಿದ್ದ. ಉತ್ತರಕ್ಕೂ ಕಾಯದೆ ಎದ್ದು ಹೋಗಿದ್ದ.

ಒಂದು ವೋಟಿನಿಂದ ಏನಾಗುತ್ತದೆ ಎಂದುಕೊಂಡೇ ಹಾಗೆ ಬರೆದಿದ್ದಳು. ಸಾವಿರಗಟ್ಟಲೆ ಜನ ಮಗನಿಗೆ ಹಾಕುತ್ತಾರೆ, ಅವನು ಗೆಲ್ಲುತ್ತಾನೆ, ತನ್ನ ಮನಸ್ಸಿಗೂ ಸಮಾಧಾನ. ಲೆಕ್ಕದ ಟೀಚರು ಹಾಕಿದ ಲೆಕ್ಕ ಇದು.

ಒಂಬತ್ತನೇ ದಿನ, ಮಂಗಳವಾರ ಮಧ್ಯಾಹ್ನ, ಫೋನು ನಿಜವಾಗಿಯೂ ಬಂತು. ಸೊಸೆ ಸಂಧ್ಯಾರಾಣಿ. ಬೆಂಗಳೂರಿನಲ್ಲಿ ಬೆಳೆದವಳು, ಎಣಿಕೆಯ ಮೇಜಿನ ಪಕ್ಕ ಗಂಡನ ಪರವಾಗಿ ನಿಂತು ಕಣ್ಣಿಡುವ ಏಜೆಂಟಳಾಗಿ ಹೋಗಿದ್ದಳು.

"ಅತ್ತೆ, ಕೂತ್ಕೊಂಡಿದೀರಾ? ಟೈ ಆಗಿದೆ. ರೀಕೌಂಟ್ ಮಾಡಿದ್ರೂ ಟೈ. ಅವಳಿಗೂ ಅಷ್ಟೇ, ನಮಗೂ ಅಷ್ಟೇ. ಒಂದು ವೋಟೂ ಆಚೆ ಈಚೆ ಇಲ್ಲ."

ಚನ್ನಬಸವ್ವ ಕುರ್ಚಿಗಾಗಿ ತಡಕಾಡಿದಳು. ತನ್ನದೊಂದು ಅಂಕಿ ಆ ಕಡೆ ಹೋಗದೆ ಈ ಕಡೆ ಬಂದಿದ್ದರೆ ಎಂಬ ಲೆಕ್ಕ ಆಕೆಯ ತಲೆಯಲ್ಲಿ ತಾನಾಗಿಯೇ ಓಡಿತು.

"ಅದಲ್ಲ ಮುಖ್ಯ, ಕೇಳಿ," ಸಂಧ್ಯಾರಾಣಿಯ ದನಿ ಇಳಿಯಿತು. "ಕ್ಯಾನ್ಸಲ್ ಆಗಿರೋ ಚೀಟಿಗಳ ರಾಶೀಲಿ ಒಂದು ಚೀಟಿ ನೋಡಿದೆ. ಆಫೀಸರು ಅದ್ರಲ್ಲಿ ಸೊನ್ನೆ, ಮೂರು, ಎಂಟು, ಒಂಬತ್ತು ಎಲ್ಲಾ ಇದೆ ಅಂತ ಪಕ್ಕಕ್ಕೆ ಹಾಕಿದಾರೆ. ನಾಲ್ಕೇ ಜನ ಇರೋವಾಗ ಒಂಬತ್ತು ಎಂಟು ಎಲ್ಲಿಂದ ಬರುತ್ತೆ? ನನಗೆ ನೋಡಿದ ತಕ್ಷಣ ಗೊತ್ತಾಯ್ತು. ನಮ್ಮ ಫ್ರಿಡ್ಜ್ ಮೇಲೆ ನೀವು ಮಾತ್ರೆ ಟೈಮ್ ಬರೆದು ಅಂಟಿಸಿದೀರಲ್ಲ, ಅದೇ ಥರದ ಅಂಕಿ. ಕನ್ನಡ ಅಂಕಿ, ಅತ್ತೆ. ಅದು ನಿಮ್ಮದೇ ಅಲ್ವಾ?"

ಚನ್ನಬಸವ್ವ ನೆನಪಿಸಿಕೊಳ್ಳಲು ನೋಡಿದಳು. ತಾನು ಯಾವ ಅಂಕಿ ಬರೆದೆ? ಪೆನ್ಸಿಲಿನ ಮೊನೆ ಮೊಂಡಾಗಿದ್ದದ್ದು ನೆನಪಿತ್ತು. ಪಕ್ಕದ ಮರೆಯಲ್ಲಿ ಯಾರೋ ಕೆಮ್ಮಿದ್ದು ನೆನಪಿತ್ತು. ಮಗನ ಹೆಸರು ದಾಟಿ ಕೈ ಮೇಲೆ ಹೋದದ್ದು ನೆನಪಿತ್ತು. ಅಂಕಿಯ ಆಕಾರ ಮಾತ್ರ ನೆನಪಾಗಲಿಲ್ಲ. ಗಾಬರಿಯಾದರೆ ಈ ಕೈ ತನ್ನ ಮಾತು ಕೇಳುವುದಿಲ್ಲ, ತನಗೆ ಬಂದದ್ದನ್ನೇ ಬರೆಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು.

"ನೆನಪಿಲ್ಲವಾ," ಅಂದಳು.

"ನಿಮ್ಮದೇ. ಇನ್ಯಾರು ಬರೀತಾರೆ? ನಮ್ಮ ಹೆಸರಿನ ಮುಂದೆ ಏನಿತ್ತು ಅಂತ ಕಾಣಲಿಲ್ಲ, ಆಫೀಸರ್ ಕೈ ಅಡ್ಡ ಇತ್ತು. ಕಂಡಿದ್ರೂ ನನಗೆ ಓದೋಕೆ ಬರ್ತಿರಲಿಲ್ಲ ಬಿಡಿ. ಆದ್ರೆ ಕನ್ನಡದಲ್ಲಿ ಬರೆದೋರು ಗುರುಗೆ ಹಾಕದೆ ಇನ್ಯಾರಿಗೆ ಹಾಕ್ತಾರೆ? ಆ ಚೀಟಿ ಲೆಕ್ಕಕ್ಕೆ ತಗೋಬೇಕು ಅಂತ ಅಬ್ಜೆಕ್ಷನ್ ಹಾಕಿದೀವಿ. ಮಾರ್ಗರೆಟ್ ಕಡೆಯೋರು ತಗೋಬಾರದು ಅಂತ ಕೂತಿದಾರೆ. ಗುರುವಾರ ಹತ್ತು ಗಂಟೆಗೆ ಟ್ರಾನ್ಸ್‌ಲೇಟರ್ ಬಂದು ಓದ್ತಾರೆ. ನಿಮಗೆ ನಾಳೆ ಫ್ಲೈಟ್ ಬುಕ್ ಮಾಡಿದೀನಿ."

ಅವಳ ಕೈಯಿಂದ ಫೋನು ಗುರುಬಸವನ ಕೈಗೆ ಹೋಯಿತು. "ಅವ್ವಾ, ಊರ ತುಂಬ ತಿರಗ್ಯಾಡಿ ಕೈಮುಗದ ವೋಟು ಕೇಳಿದೆ. ಕಡೀಕ ನೋಡಿದ್ರ ನಿನ್ನ ಒಂದು ವೋಟ ನನ್ನ ಎತ್ತೂದೈತಿ," ಅಂದ. ಚನ್ನಬಸವ್ವ ಫೋನು ಇಟ್ಟಳು.

ಹರ್ಷಿತಾ ಆಫೀಸಿನಿಂದ ಬಂದಾಗ ತಾಯಿ ದೀಪ ಹಾಕದೆ ಕೂತಿದ್ದಳು. ಕೇಳಿದ್ದಕ್ಕೆ ಎಲ್ಲ ಹೇಳಿಬಿಟ್ಟಳು. ಹರ್ಷಿತಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಅಮ್ಮಾ, ಬಾಯಿ ಬಿಡಬೇಡ. ಸೀಕ್ರೆಟ್ ಬ್ಯಾಲಟ್ ಅಂದ್ರೆ ಅದೇ ತಾನೇ. ಯಾರೂ ನಿನ್ನ ಕೇಳೋ ಹಾಗಿಲ್ಲ."

"ಯಾರ್ ಕೇಳಬೇಕವಾ? ಅದು ನಂದಂತ ಊರಿಗೆಲ್ಲಾ ಸಾರ್ಯಾರ. ಗುರುವಾರ ಓದತಾರ, ಒಂದು ಅನ್ನೂದು ಆಕೀ ಹೆಸರಿನ ಮುಂದ ಬರತೈತಿ. ಆಗ ಎಲ್ಲಾರ ಮುಂದ ಅಂವಗ ತಿಳೀತೈತಿ, ನನ್ನ ಹಡದಾಕೀನ ನನ್ನ ಕೆಡವಿದ್ಲು ಅಂತ."

"ಮೊದಲೇ ಹೇಳಿದ್ರೆ ಅವನು ಅಬ್ಜೆಕ್ಷನ್ ವಾಪಸ್ ತಗೋತಾನೆ. ಆಗ ಟೈ ಹಾಗೇ ಉಳಿದು ಮತ್ತೊಮ್ಮೆ ಎಲೆಕ್ಷನ್ ಆದ್ರೂ ಆಗಬಹುದು. ನಿನ್ನ ವೋಟು ಕಸದ ಬುಟ್ಟಿಗೆ."

ಅದನ್ನೂ ಚನ್ನಬಸವ್ವ ಯೋಚಿಸಿದ್ದಳು. ಹೇಳದಿದ್ದರೆ ಮಗ ಸೋಲುತ್ತಾನೆ, ಅದೂ ಎಲ್ಲರೆದುರು ಮುಖಭಂಗವಾಗಿ. ಹೇಳಿದರೆ ಅವನು ಆ ಚೀಟಿಯನ್ನು ಮುಚ್ಚಿಹಾಕಬಹುದು, ಮುಚ್ಚಿಹಾಕಿದರೆ ತನ್ನ ಮಗ ಎಂಥವನೆಂದು ತನಗೆ ಗೊತ್ತಾಗಿಬಿಡುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ಆಕೆಗೇ ತಿಳಿಯಲಿಲ್ಲ. ಆ ರಾತ್ರಿ ಊಟ ಬಿಟ್ಟಳು. ಅವತ್ತು ನೆನೆಹಾಕಿದ ಹೆಸರುಬೇಳೆ ಹಾಗೆಯೇ ಉಳಿಯಿತು.

ಬುಧವಾರ ಮಧ್ಯಾಹ್ನ ಮೆಲ್ಬರ್ನ್ ಮನೆಗೆ ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಮಗನನ್ನು ಒಂದು ಗಳಿಗೆ ಒಬ್ಬನೇ ಸಿಕ್ಕಿಸಿಕೊಂಡು ಹೇಳಿಬಿಡಬೇಕೆಂದು ವಿಮಾನದುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಸಿಗಬೇಕಲ್ಲ? ಅವನ ಸುತ್ತ ಹುಬ್ಬಳ್ಳಿಯವರು, ಬೆಳಗಾವಿಯವರು, ಯಾವ ಊರಿನವರೋ ಗೊತ್ತಿಲ್ಲದವರು. ಎಲ್ಲರಿಗಿಂತ ಮುಂದೆ ರಾಜಣ್ಣ. ಗುರುಬಸವನ ಪ್ರಚಾರದ ಹೊಣೆ ಹೊತ್ತಿದ್ದವನು, ಬಾಯಿ ಮುಚ್ಚಿದರೆ ಎಲ್ಲಿ ಉಸಿರು ನಿಲ್ಲುತ್ತದೋ ಎಂದು ಹೆದರಿದವನ ಹಾಗೆ ಮಾತಾಡುವವನು.

"ಅಮ್ಮಾ, ನೀವು ಹಿಸ್ಟರಿ ಮಾಡ್ತಿದೀರಿ," ಎಂದು ಆಕೆಯ ಚೀಲ ಇಸಿದುಕೊಂಡ. "ಹತ್ತೊಂಬತ್ತುನೂರಾ ಐವತ್ತರ ಆಸುಪಾಸಲ್ಲಿ ಅಮೆರಿಕಾದಲ್ಲಿ ಹೀಗೇ ಆಗ್ತಿತ್ತಂತೆ. ನಾಲ್ಕು ದಿನದಿಂದ ಬರೀ ಅದನ್ನೇ ಓದ್ತಿದೀನಿ. ಒಂದೊಂದು ಚೀಟಿ ಹಿಡ್ಕೊಂಡು ಇದು ಗೀಟೋ, ಕಲೆಯೋ ಅಂತ ತಿಂಗಳುಗಟ್ಟಲೆ ಕೋರ್ಟಲ್ಲಿ ಜಗಳ. ಆದ್ರೆ ಅಲ್ಲಿ ಎಲ್ಲೂ ತಾಯಿ ವೋಟಿಂದ ಮಗ ಗೆದ್ದಿದ್ದು ಮಾತ್ರ ನನಗೆ ಸಿಗಲಿಲ್ಲ."

ಒಬ್ಬ ಹುಡುಗಿ ಬಂದು ಕಾಲು ಮುಟ್ಟಿದಳು. ಇನ್ನೊಬ್ಬರು ಫೋಟೋ ತೆಗೆದರು. ಚನ್ನಬಸವ್ವ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಜನ ಹೋಗುವ ಹೊತ್ತಿಗೆ ಲಾಯರ್ ಬಂದ, ಲಾಯರ್ ಹೋಗುವ ಹೊತ್ತಿಗೆ ಗುರುಬಸವ ಸೋಫಾದ ಮೇಲೆ ಬೂಟಿನ ಸಮೇತ ನಿದ್ದೆ ಹೋಗಿದ್ದ. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದನ್ನು ನೋಡುತ್ತ ಆಕೆ ಬೂಟು ಬಿಚ್ಚಿದಳು, ಎಬ್ಬಿಸಲಿಲ್ಲ.

ಗುರುವಾರ ಬೆಳಿಗ್ಗೆ ಎಣಿಕೆ ಕೇಂದ್ರದ ಕಾರ್ ಪಾರ್ಕಿನಲ್ಲಿ ಕೊನೆಗೂ ಇಬ್ಬರೇ ಉಳಿದರು. ಅಭ್ಯರ್ಥಿ ಎಣಿಕೆಯ ಕೋಣೆಯೊಳಗೆ ನಿಲ್ಲುವಂತಿಲ್ಲವಾದ್ದರಿಂದ ಸಂಧ್ಯಾರಾಣಿ ಮತ್ತು ಲಾಯರ್ ಒಳಗೆ ಹೋಗಿದ್ದರು. ರಾಜಣ್ಣ ಎಲ್ಲರಿಗೂ ಕಾಫಿ ತರುತ್ತೇನೆಂದು ಹೋಗಿದ್ದ. ಒಂಬತ್ತು ಮುಕ್ಕಾಲು. ಕಾರಿನ ಗಾಜಿನ ಮೇಲೆ ಸಣ್ಣ ಹನಿ ಬೀಳುತ್ತಿದ್ದವು. ಗುರುಬಸವ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ.

"ಗುರೂ," ಅಂದಳು. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಆ ಚೀಟಿ ಓದಿದ್ರ ನೀ ಸೋಲತಿ."

ಬೆರಳು ನಿಂತವು. ಅವನು ತಿರುಗಿ ನೋಡಿದ.

"ನಾ ಒಂದು ಅಂತ ಬರದದ್ದು ಮಾರ್ಗರೆಟ್‌ಗ. ನಿನಗ ಎರಡು ಕೊಟ್ಟೀನಿ."

ಮೊದಲು ಅವನ ಮುಖದಲ್ಲಿ ನಗು ಬರುವಂತಾಯಿತು, ತಾಯಿ ಏನೋ ತಪ್ಪು ತಿಳಿದುಕೊಂಡಿದ್ದಾಳೆ ಎಂಬ ನಗು. ಅದು ಹಾಗೆಯೇ ಇಂಗಿತು.

"ತಪ್ಪಿ ಬರದೀಯೇನು?"

"ತಪ್ಪಿ ಅಲ್ಲ. ತಿಳದ ಬರದೀನಿ."

"ಯಾಕ?"

"ಬಸ್ಸಿನ ಸಲುವಾಗಿ."

"ಯಾವ ಬಸ್ಸು?" ಅವನ ದನಿ ಏರಿತು. "ಅವ್ವಾ, ನಾಕು ತಿಂಗಳು ನಾ ನಿದ್ದಿ ಮಾಡಿಲ್ಲ. ಹೆಂಡತಿ, ಮಗಳು, ಅಂಗಡಿ, ಎಲ್ಲಾ ಬಿಟ್ಟೆ. ನೀ ಬಸ್ಸು ಅಂತಿ? ನನ್ನ ತಾಯೀನ ನನಗ ಹಾಕಲಿಲ್ಲಂದ್ರ ಆ ಮಂದಿ ಯಾಕ ಹಾಕಬೇಕಿತ್ತು ನನಗ?"

ಅವನು ಹುಡುಗನಾಗಿದ್ದಾಗಲೂ ಸಿಟ್ಟು ಬಂದರೆ ಹೀಗೆಯೇ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಚನ್ನಬಸವ್ವನಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಹೇಳಲಿಕ್ಕೆ ಬಂದದ್ದನ್ನು ಪೂರ್ತಿ ಹೇಳಬೇಕಿತ್ತು.

"ಆ ಬಸ್ಸಿನ್ಯಾಗ ಯಾರ್ ಹೋಗ್ತಾರ ಅಂತ ಕೇಳಿದ್ದಿ. ನಾ ಹೋಗ್ತೀನಿ. ವಾರಕ್ಕ ನಾಕು ಸಲ. ಫ್ರಿಡ್ಜಿನ ಮ್ಯಾಲ ಟೈಮ್ ಬರದು ಅಂಟಿಸೀನಲ್ಲ, ಎರಡು ವರ್ಷ ಆತು."

"ಅವು ಗುಳಿಗಿ ಟೈಮು."

"ದಿನಾ ಆರಾರು ಸಲ ಗುಳಿಗಿ ನುಂಗೂವಂಥಾ ಬ್ಯಾನಿ ನನಗೇನೈತಿ? ನೀ ಔಷಧದಂಗಡಿಯಾಂವ. ನನ್ನ ಗುಳಿಗಿ ನೀನ ತಂದು ಕೊಡತಿ. ದಿನಕ್ಕ ಒಂದು."

ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಆ ಹಾಳೆ ಗುರುಬಸವನ ಮೂಗಿನ ಮುಂದೆಯೇ ಇತ್ತು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿತು ಕನ್ನಡ ಅಂಕಿ ಓದಲು ಬರದ ಕಾರಣಕ್ಕೆ ಅವನು ಅದಕ್ಕೊಂದು ಅರ್ಥ ತಾನೇ ಹಚ್ಚಿಕೊಂಡಿದ್ದ. ಎಲ್ಲರೂ ಹಚ್ಚಿಕೊಂಡಿದ್ದರು.

"ಹೇಳಬೇಕಿತ್ತಲ್ಲವ್ವಾ," ಅಂದ. ದನಿ ಕೆಳಗಿಳಿದಿತ್ತು.

"ಕೇಳಿದ್ದೆ. ನೀ ಎದ್ದು ಹ್ವಾದಿ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಂಧ್ಯಾರಾಣಿ. ಸ್ಪೀಕರಿನಲ್ಲಿ ಅವಳ ದನಿ ಅವಸರವಸರವಾಗಿ ಬಂತು. "ಗುರು, ಟ್ರಾನ್ಸ್‌ಲೇಟರ್ ಬಂದ್ರು. ಆಫೀಸರ್ ಕೊನೇ ಸಲ ಕೇಳ್ತಿದಾರೆ, ಅಬ್ಜೆಕ್ಷನ್ ಇರಲಾ ಅಂತ. ಓದಿಸಿದ್ಮೇಲೆ ಏನು ಬರುತ್ತೋ ಅದೇ ಫೈನಲ್. ಓದಿಸಲಿ ತಾನೇ?"

ಚನ್ನಬಸವ್ವ ಗಾಜಿನ ಮೇಲಿನ ಹನಿ ನೋಡುತ್ತ ಕೂತಳು. ಬೇಡ ಎಂದು ಅವನು ಅಂದರೆ ಅದು ತಪ್ಪಲ್ಲ, ಕಾನೂನಿಗೂ ಸರಿ, ಯಾರಿಗೂ ಗೊತ್ತೂ ಆಗುವುದಿಲ್ಲ. ಬೇಡ ಅಂದುಬಿಡಲಿ, ಮಗನಿಗೆ ಇನ್ನೊಂದು ದಾರಿ ಉಳಿಯಲಿ ಎಂದು ಆಕೆಯ ಜೀವದ ಅರ್ಧ ಬೇಡಿಕೊಳ್ಳುತ್ತಿತ್ತು. ಇನ್ನರ್ಧ ಏನು ಬೇಡಿಕೊಳ್ಳುತ್ತಿತ್ತೆಂದು ಆಕೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

"ಗುರು? ಕೇಳಿಸ್ತಿದ್ಯಾ?"

ಗುರುಬಸವ ತಾಯಿಯ ಕಡೆ ನೋಡಿದ.

"ಓದಸು," ಅಂದ. "ಯಾರ್ ಬರದಿದ್ರೂ, ಯಾರಿಗೆ ಬರದಿದ್ರೂ, ಅದು ವೋಟು. ಓದಸು."

ಫೋನು ಇಟ್ಟು ಹಣೆಯನ್ನು ಸ್ಟೇರಿಂಗಿಗೆ ಆನಿಸಿಕೊಂಡ. ಚನ್ನಬಸವ್ವ ಈಗ ಅವನ ಬೆನ್ನ ಮೇಲೆ ಕೈ ಇಟ್ಟಳು. ಅವನು ಕೈ ಕೊಡವಲಿಲ್ಲ, ತಿರುಗಿಯೂ ನೋಡಲಿಲ್ಲ. ರಾಜಣ್ಣ ಕಾಫಿ ತಂದು ಗಾಜು ತಟ್ಟಿ, ಒಳಗಿನ ಮುಖಗಳನ್ನು ನೋಡಿ, ಅವನ ಜೀವಮಾನದಲ್ಲಿ ಮೊದಲ ಬಾರಿಗೆ ಏನೂ ಹೇಳದೆ ಕಾಫಿಯನ್ನು ಕಾರಿನ ತಲೆಯ ಮೇಲಿಟ್ಟು ಸರಿದುನಿಂತ. ಕಾಫಿ ಅಲ್ಲೇ ಆರಿತು. ಹತ್ತು ಗಂಟೆ ಆಯಿತು, ಹತ್ತೂಕಾಲು ಆಯಿತು. ಇಷ್ಟು ಹೊತ್ತು ಓದಲು ನಾಲ್ಕು ಅಂಕಿಯಲ್ಲಿ ಏನಿದೆ ಎಂದು ಚನ್ನಬಸವ್ವನಿಗೆ ಸಿಟ್ಟು ಕೂಡ ಬಂತು.

ಸಂಧ್ಯಾರಾಣಿ ಹೊರಗೆ ಬಂದಾಗ ಅಳುತ್ತಿದ್ದಳು. ಚನ್ನಬಸವ್ವ ಕಣ್ಣು ಮುಚ್ಚಿಕೊಂಡಳು. ಕಾರಿನ ಬಾಗಿಲು ತೆರೆದ ಸದ್ದು ಕೇಳಿತು.

"ಒಂದು ನಿನಗೆ, ಗುರು. ಎರಡು ಅವಳಿಗೆ. ಟ್ರಾನ್ಸ್‌ಲೇಟರ್ ಎರಡೆರಡು ಸಲ ಓದಿದ್ರು. ಒಂದು ವೋಟಲ್ಲಿ ಗೆದ್ವಿ." ಆಮೇಲೆ ಅತ್ತೆಯ ಕೊರಳಿಗೆ ಜೋತುಬಿದ್ದಳು. "ಅತ್ತೆ, ನಿಮ್ಮ ವೋಟು."

ಚನ್ನಬಸವ್ವ ಸೊಸೆಯ ಭುಜದ ಮೇಲಿಂದ ಮಗನನ್ನು ನೋಡಿದಳು. ಅವನೂ ಆಕೆಯನ್ನೇ ನೋಡುತ್ತಿದ್ದ. ಆ ಚೀಟಿ ಆಕೆಯದಲ್ಲ. ಆಕೆಯ ಕೈ ಅವತ್ತು ಮೊಮ್ಮಗಳ ಮಾತು ಕೇಳಿತ್ತು, ಇಂಗ್ಲಿಷಿನಲ್ಲೇ ಬರೆದಿತ್ತು. ಆಕೆಯ ವೋಟು ಮೊದಲ ದಿನವೇ ಮಾರ್ಗರೆಟ್‌ಳ ರಾಶಿಯಲ್ಲಿ ಸರಿಯಾಗಿ ಎಣಿಕೆಯಾಗಿ ಕೂತಿತ್ತು. ಟೂರಾಬಿನ್‌ನಲ್ಲಿ ಕನ್ನಡ ಅಂಕಿ ಬರೆಯುವ ಇನ್ನೊಂದು ಕೈ ಇದೆ, ಯಾವ ಮನೆಯದೋ, ಯಾವ ಊರಿನದೋ, ಆ ಕೈ ಮಗನನ್ನು ಗೆಲ್ಲಿಸಿತು. ಇವತ್ತು ಬೆಳಿಗ್ಗೆ ತಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮಗನಿಗೆ ಏನೂ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆ ಮತ್ತೆ ತುಂಬಿತು. ಯಾರೋ ಧಾರವಾಡ ಪೇಡೆ ತಂದಿದ್ದರು, ಯಾರೋ ಹಾರ ತಂದಿದ್ದರು. ಮೊದಲ ಹಾರ ತಾಯಿಗೇ ಎಂದು ರಾಜಣ್ಣ ಹಟ ಹಿಡಿದ. "ಇವರ ಒಂದು ವೋಟು ಇಲ್ಲದಿದ್ರೆ ಇವತ್ತು ನಾವೆಲ್ಲಾ ಎಲ್ಲಿರ್ತಿದ್ವಿ?" ಎಂದು ಕೂಡಿದವರನ್ನು ಕೇಳಿದ.

"ಅದು ನಂದಲ್ರೀ," ಅಂದಳು ಚನ್ನಬಸವ್ವ.

ಎಲ್ಲರೂ ನಕ್ಕರು. ಎಂಥ ದೊಡ್ಡ ಮನಸ್ಸು ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. "ಖರೇನ ನಂದಲ್ಲ," ಎಂದು ಚನ್ನಬಸವ್ವ ಇನ್ನೊಮ್ಮೆ ಹೇಳಿದಳು. ಈ ಸಲ ಚಪ್ಪಾಳೆ ಬಿತ್ತು. ಬಾಯಿಗೆ ಪೇಡೆ ಬಂತು. ಗೋಡೆಗೆ ಒರಗಿ ನಿಂತಿದ್ದ ಗುರುಬಸವ ಮಾತ್ರ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಆಕೆಗೆ ಅವನ ಕಡೆ ನೋಡಲಾಗಲಿಲ್ಲ. ಗೆದ್ದ ಮಗನ ಮನೆಯಲ್ಲಿ ಕಳ್ಳಿಯ ಹಾಗೆ ಹಾರ ಹಾಕಿಕೊಂಡು ಕೂತಿರಬೇಕಾಯಿತಲ್ಲ ಎಂದು ಸಂಕಟಪಟ್ಟಳು.

ಜನ ಚದುರಿದ ಮೇಲೆ ಹಾರ ತೆಗೆದು ಅಡುಗೆಮನೆಗೆ ಹೋದಳು. ಗುರುಬಸವ ಅಲ್ಲಿದ್ದ. ಹಾಲು ತೆಗೆಯಲು ಬಂದವನು ಫ್ರಿಡ್ಜಿನ ಬಾಗಿಲು ತೆರೆಯದೆ ಅದರ ಮೇಲಿನ ಹಾಳೆಯ ಮುಂದೆ ನಿಂತಿದ್ದ. ಆಕೆ ಬಂದದ್ದು ತಿಳಿದರೂ ತಿರುಗಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ಇದು ಸೊನ್ನಿ ಅಲ್ಲ?"

"ಅಲ್ಲ. ಅದು ಒಂದು. ಸೊನ್ನಿ ಪೂರ್ತಿ ಮುಚ್ಚಿರತೈತಿ. ಇದರ ಬಾಯಿ ತೆರದೈತಿ ನೋಡು."

"ಇದು?"

"ಎರಡು. ಎಲ್ಲಾದಕ್ಕೂ ಮೊದಲಿಂದು ಒಂಬತ್ತು. ಕೂಡಿಸಿ ಓದು."

ಅವನು ಬೆರಳು ಸರಿಸಿ ಸರಿಸಿ, ಒಂದನೇ ಇಯತ್ತೆಯ ಹುಡುಗನಂತೆ ತುಟಿ ಆಡಿಸುತ್ತ ಓದಿದ. "ಒಂಬತ್ತು ಹನ್ನೆರಡು."

"ಬೆಳಗಿನ ಮೊದಲನೇ ಬಸ್ಸು," ಅಂದಳು.

ಅವನು ಎರಡನೇ ಸಾಲು ತಾನೇ ಓದಿದ, ಮೂರನೆಯದನ್ನೂ ಓದಿದ. ಆರೂ ಸಾಲು ಮುಗಿಸಿದ. ಆಮೇಲೆ ಅವನು ಹಾಳೆಯನ್ನೇ ನೋಡುತ್ತ ಕೇಳಿದ, ದನಿಯಲ್ಲಿ ಇನ್ನೂ ನೋವಿತ್ತು.

"ಮುಂದಿನ ಸಲಾರೆ ನನಗ ಒಂದು ಹಾಕ್ತಿಯೇನವ್ವಾ?"

ಚನ್ನಬಸವ್ವನಿಗೆ ಹೂಂ ಅಂದುಬಿಡುವುದು ಸುಲಭವಿತ್ತು. ಹನ್ನೆರಡು ದಿನದ ಹಿಂದೆ ಗೇಟಿನ ಬಳಿ ಹಾಗೆ ಅಂದೇ ಇಷ್ಟೆಲ್ಲ ಆದದ್ದು. ಆಕೆ ಫ್ರಿಡ್ಜು ತೆರೆದು ಹಾಲು ತೆಗೆದು ಅವನ ಕೈಗೆ ಕೊಟ್ಟಳು.

"ಒಂಬತ್ತು ಹನ್ನೆರಡಕ್ಕ ಬಸ್ಸು ಬರತಿತ್ತಂದ್ರ ಹಾಕ್ತೀನಿ," ಅಂದಳು.